ಇಪ್ಪತ್ಮೂರು ಹೆಜ್ಜೆ

ಹೆಜ್ಜೆ ಮೇಷ್ಟ್ರು ಎಂಬ ಹೆಸರು ಕೇಳಿ, ಇವರು ಕುಣಿತ ಕಲಿಸುವವರಿರಬೇಕೆಂದು ಮಕ್ಕಳ ಕೈ ಹಿಡಿದು ಬಂದು ಬಾಗಿಲು ತಟ್ಟಿದವರು ಒಬ್ಬಿಬ್ಬರಲ್ಲ. ಬಾಗಿಲು ತೆರೆದ ಮೇಲೆ ಮೇಷ್ಟ್ರ ಮೈಯಳತೆ ನೋಡಿ, ಈ ಮನುಷ್ಯನಿಗೂ ಕುಣಿತಕ್ಕೂ ಎಣ್ಣೆ ಸೀಗೆಕಾಯಿ ಎಂದು ಗೊತ್ತಾಗಿ, ಮನೆ ತಪ್ಪಾಯಿತೆಂದು ಹೇಳಿ ಹೊರಟುಹೋಗುತ್ತಿದ್ದರು. ಮೇಷ್ಟ್ರು ಯಾರಿಗೂ ಏನನ್ನೂ ಕಲಿಸಿದವರಲ್ಲ. ಮೂವತ್ತೆಂಟು ವರ್ಷ ಸಿನಿಮಾ ಸ್ಟುಡಿಯೋದ ಒಂದು ಕತ್ತಲೆ ಕೋಣೆಯಲ್ಲಿ ನಿಂತು, ತೆರೆಯ ಮೇಲೆ ನಡೆಯುವವರ ಹೆಜ್ಜೆಗೆ ಸದ್ದು ಕೊಟ್ಟವರು, ಅಷ್ಟೇ. ಶೂಟಿಂಗ್ ಸಮಯದಲ್ಲಿ ಮೈಕು ಹಿಡಿಯುವುದು ಮಾತನ್ನು. ಹೆಜ್ಜೆ, ಬಾಗಿಲ ಕಿರುಗುಟ್ಟುವಿಕೆ, ಬಟ್ಟೆಯ ಸರಬರ, ಲೋಟ ಇಟ್ಟ ಸದ್ದು ಎಲ್ಲ ಆಮೇಲೆ ಸೇರಿಸಬೇಕು. ನಾಯಕ ಮೆಟ್ಟಿಲಿಳಿದರೆ ಬೂಟು ಮೇಷ್ಟ್ರದು. ಖಳನಾಯಕ ಜಲ್ಲಿಕಲ್ಲಿನ ಮೇಲೆ ಓಡಿದರೆ ಏದುಸಿರೂ ಅವರದೇ.

ಇಷ್ಟು ವರ್ಷದ ಕಸುಬಿನಿಂದ ಮೇಷ್ಟ್ರಿಗೆ ಎರಡು ವಿದ್ಯೆ ಅಂಟಿಕೊಂಡಿತ್ತು. ಒಂದು, ಹೆಜ್ಜೆ ಕೇಳಿದರೆ ಸಾಕು, ಮುಖ ನೋಡದೆ ಆಳು ಯಾರೆಂದು ಹೇಳಿಬಿಡುತ್ತಿದ್ದರು. ಇನ್ನೊಂದು, ಯಾರ ನಡಿಗೆಯನ್ನಾದರೂ ನಿಂತಲ್ಲೇ ನಿಂತು ನುಡಿಸುತ್ತಿದ್ದರು. ಮನೆ ಮಾಲೀಕ ಬಾಡಿಗೆ ಕೇಳಲು ಬರುವ ನಡಿಗೆ ಬೇರೆ, ರಿಪೇರಿ ಮಾಡಿಸಿಕೊಡಿ ಎಂದಾಗ ಜಾರಿಕೊಳ್ಳುವ ನಡಿಗೆ ಬೇರೆ. ಎರಡನ್ನೂ ಮೇಷ್ಟ್ರು ಮಾಡಿ ತೋರಿಸಿದರೆ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅವರ ಬಾಳಿನ ದೊಡ್ಡ ಕಥೆ ಒಂದೇ. ಅದನ್ನು ಅವರು ಹೇಳದ ಮನೆಯಿಲ್ಲ, ಕೇಳದ ನೆಂಟನಿಲ್ಲ.

ಕಥೆ ಹೀಗೆ. ನಲವತ್ತೊಂದು ವರ್ಷದ ಹಿಂದೆ ಒಂದು ಸಂಸಾರದ ಸಿನಿಮಾ ಬಂತು. ಮನೆಮಂದಿಯೆಲ್ಲ ಕೂಡಿ ನೋಡಿದ, ಅತ್ತ, ಮತ್ತೆ ಹೋಗಿ ನೋಡಿದ ಸಿನಿಮಾ. ಅದರಲ್ಲಿ ಐದು ಮಕ್ಕಳ ತಾಯಿ. ಜಗಳವಾಡಿಕೊಂಡು ಮಕ್ಕಳು ಒಬ್ಬೊಬ್ಬರಾಗಿ ಮನೆ ಬಿಟ್ಟ ಮೇಲೆ, ಒಂದು ಮಧ್ಯಾಹ್ನ ಆಕೆ ಖಾಲಿ ಮನೆಯ ಕೋಣೆ ಕೋಣೆಗೂ ಹೋಗಿ ಕಿಟಕಿ ಮುಚ್ಚುತ್ತಾ ಬರುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ಬರಿಗಾಲಿನ ಇಪ್ಪತ್ಮೂರು ಹೆಜ್ಜೆ, ನಡುನಡುವೆ ಕಿಟಕಿ ಮುಚ್ಚಿದ ಸದ್ದು. ಆ ಹೆಜ್ಜೆಗೆ ಥಿಯೇಟರಿನಲ್ಲಿ ಕಲ್ಲಿನಂಥವರೂ ಕಣ್ಣೊರೆಸಿಕೊಂಡರು.

ಆ ಹೆಜ್ಜೆಗಾಗಿ ಮೇಷ್ಟ್ರು ಅರ್ಧ ದಿನ ಕಲ್ಲುಚಪ್ಪಡಿಯ ಮೇಲೆ ನಡೆದಿದ್ದರು. ನಿರ್ದೇಶಕರಿಗೆ ಒಂದೂ ಒಪ್ಪಿಗೆಯಾಗಲಿಲ್ಲ. "ನನಗೆ ಮನಸ್ಸು ಭಾರ ಆಗಿರೋರ ಹೆಜ್ಜೆ ಬೇಕು ಕಣಯ್ಯಾ. ನೀನು ಮೈ ಭಾರ ಇರೋರ ಹೆಜ್ಜೆ ಕೊಡ್ತಿದ್ದೀಯ" ಎಂದು ಗದರಿದರು. ಅಷ್ಟರಲ್ಲಿ ಹೊರಗಿನ ಓಣಿಯಲ್ಲಿ ಯಾರೋ ನಡೆದು ಬರುವ ಸದ್ದಾಯಿತು. ನಿರ್ದೇಶಕರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ಯಾರದು ಬರ್ತಿರೋದು? ಅದೇ, ಅದೇ ಬೇಕು ನನಗೆ!" ಎಂದರು. ಊಟದ ಡಬ್ಬಿ ಹಿಡಿದು ಒಳಗೆ ಬಂದವರು ಮೇಷ್ಟ್ರ ಹೆಂಡತಿ, ಏಳು ತಿಂಗಳ ಬಸುರಿ. ಆ ಮಧ್ಯಾಹ್ನ ಆಕೆಯೇ ತೆರೆ ನೋಡುತ್ತಾ ಚಪ್ಪಡಿಯ ಮೇಲೆ ಇಪ್ಪತ್ಮೂರು ಹೆಜ್ಜೆ ಹಾಕಿದರು. ಮೂರನೆಯ ಸಲಕ್ಕೆ ನಿರ್ದೇಶಕರು ಎದ್ದುನಿಂತು ಸೈ ಎಂದರು.

"ಊರೆಲ್ಲ ಅತ್ತಿದ್ದು ಇವಳ ಕಾಲಿಗೆ!" ಎಂದು ಮೇಷ್ಟ್ರು ಕಥೆ ಮುಗಿಸುವ ಹೊತ್ತಿಗೆ ಹೆಂಡತಿ ಅಲ್ಲಿರುತ್ತಿರಲಿಲ್ಲ. ಕಥೆ ಶುರುವಾಗುತ್ತಿದ್ದಂತೆ, "ಹಾಡಿದ್ದೇ ಹಾಡೋ ಕಿಸುಬಾಯಿ ದಾಸ" ಎಂದು ಗೊಣಗಿಕೊಂಡು ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಹೊಗಳಿಕೆ ಎಂದರೆ ಇವಳಿಗೆ ನಾಚಿಕೆ ಎಂದು ಮೇಷ್ಟ್ರು ನಗುತ್ತಿದ್ದರು.

ಅಂಥ ಹೆಂಗಸಿಗೆ ಹನ್ನೊಂದು ತಿಂಗಳ ಹಿಂದೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ಮೂರನೆಯ ವಾರಕ್ಕೆ ಮರಳಿತು, ಬೈಗುಳ ಅದಕ್ಕೂ ಮೊದಲೇ ಮರಳಿತು. ಕೈಕಾಲು ಮಾತ್ರ ಬರಲಿಲ್ಲ. ಕಿಟಕಿಯ ಪಕ್ಕದ ಮರದ ತೋಳುಕುರ್ಚಿಯಲ್ಲಿ ಬೆಳಿಗ್ಗೆ ಕೂರಿಸಿದರೆ ಸಂಜೆ ಎಬ್ಬಿಸಬೇಕು. ಒಂದು ದಿನ ಆಕೆ ಬೀದಿಯಲ್ಲಿ ಹೋಗುವವರನ್ನು ನೋಡುತ್ತಾ ಇದ್ದಕ್ಕಿದ್ದಂತೆ, "ರೀ, ನಾನು ಒಂದು ಕಾಲದಲ್ಲಿ ನಡೀತಿದ್ದೆ ಅನ್ನೋದೇ ಸುಳ್ಳೇನೋ ಅನ್ಸುತ್ತೆ" ಎಂದರು. ಅಳಲಿಲ್ಲ. ಬಟ್ಟೆ ಒಣಗಿತಾ ಎಂದು ಕೇಳುವವರ ಧ್ವನಿಯಲ್ಲೇ ಹೇಳಿದರು.

ಮೇಷ್ಟ್ರು ತಟ್ಟನೆ ಕುರ್ಚಿಯ ಪಕ್ಕಕ್ಕೆ ಬಂದರು. "ಸುಳ್ಳು ಯಾಕಾಗುತ್ತೆ? ಸಾಕ್ಷಿ ಇದೆ ಕಣೇ! ಇಡೀ ದೇಶ ಕೇಳಿದೆ!" ಎಂದರು. ಅವತ್ತಿನಿಂದ ಅವರಿಗೆ ಒಂದೇ ಹಟ: ಆ ಇಪ್ಪತ್ಮೂರು ಹೆಜ್ಜೆಯನ್ನು ಇವಳಿಗೆ ಕೇಳಿಸಬೇಕು. ಆದರೆ ಸಿನಿಮಾ ಎಲ್ಲಿದೆ? ಟಿವಿಯಲ್ಲಿ ಯಾವಾಗಲಾದರೂ ಬಂದರೆ ಅರ್ಧ ತುಂಡಾಗಿ, ಗೊರಗೊರ ಸದ್ದಿನೊಂದಿಗೆ ಬರುತ್ತಿತ್ತು.

ಆಗಲೇ ಮಗಳು ಬಂದು ಸುದ್ದಿ ಹೇಳಿದ್ದು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. "ಅಪ್ಪ, ನಿಮ್ಮ ಸಿನಿಮಾನ ಪೂರ್ತಿ ರಿಪೇರಿ ಮಾಡಿ ಡಿಸ್ಕ್ ಬಿಟ್ಟಿದ್ದಾರಂತೆ. ಚಿತ್ರ, ಸದ್ದು ಎರಡೂ ಹೊಸದರ ಹಾಗೆ ಇದೆಯಂತೆ" ಎಂದಳು. ಮುಂದಿನ ಭಾನುವಾರ ಡಿಸ್ಕನ್ನೂ ಅದನ್ನು ಹಾಕುವ ಪೆಟ್ಟಿಗೆಯನ್ನೂ ತಂದೇಬಿಟ್ಟಳು.

ಆ ಭಾನುವಾರ ಬೆಳಿಗ್ಗೆ ಮೇಷ್ಟ್ರು ಮನೆಯ ಗಡಿಯಾರದ ಬ್ಯಾಟರಿ ತೆಗೆದರು, ಫ್ರಿಜ್ ಆರಿಸಿದರು, ಮೇಲಿನ ಮನೆಗೆ ಹೋಗಿ ಒಂದು ಗಂಟೆ ಡ್ರಿಲ್ಲಿಂಗ್ ನಿಲ್ಲಿಸಿ ಎಂದು ಕೈಮುಗಿದು ಬಂದರು. ಹೆಂಡತಿಯ ಕುರ್ಚಿಯನ್ನು ಟಿವಿ ಎದುರು ತಿರುಗಿಸಿದರು. "ಸಿನಿಮಾ ನೋಡೋಕೋ, ಆಪರೇಷನ್ ಮಾಡೋಕೋ?" ಎಂದು ಹೆಂಡತಿ ಕೇಳಿದರು.

ಚಿತ್ರವೇನೋ ಕನ್ನಡಿಯಂತಿತ್ತು. ತಾಯಿಯ ಪಾತ್ರದವಳ ಹಣೆಯ ಬೆವರು ಕೂಡ ಎಣಿಸಬಹುದಿತ್ತು. ಮಕ್ಕಳು ಹೋದರು. ಮಧ್ಯಾಹ್ನವಾಯಿತು. ಆಕೆ ಮೊದಲ ಕೋಣೆಗೆ ಕಾಲಿಟ್ಟಳು. ಮೇಷ್ಟ್ರು ಹೆಂಡತಿಯ ಕೈ ಹಿಡಿದು, "ಕೇಳು... ಈಗ ಬರುತ್ತೆ, ಕೇಳು" ಎಂದರು.

ಬಂದದ್ದು ಪಿಟೀಲು.

ಒಂದಲ್ಲ, ಎರಡಲ್ಲ, ಪಿಟೀಲಿನ ದಂಡೇ ಬಂತು. ಎಲ್ಲಿಂದಲೋ ತಂದು ತುರುಕಿದ್ದ ಸಂಗೀತ ನಾಲ್ಕೂ ದಿಕ್ಕಿನಿಂದ ಗೋಳಾಡಿತು. ಅದರ ಅಡಿಯಲ್ಲಿ ತಾಯಿ ಕೋಣೆಯಿಂದ ಕೋಣೆಗೆ ತೇಲಿಕೊಂಡು ಹೋದಳು. ನೆಲಕ್ಕೆ ಕಾಲು ತಾಗಿದ ಸುಳಿವೇ ಇಲ್ಲ.

"ಎಲ್ಲಿ? ಹೆಜ್ಜೆ ಎಲ್ಲಿ? ಸೌಂಡ್ ಜಾಸ್ತಿ ಮಾಡೇ!" ಎಂದು ಮೇಷ್ಟ್ರು ಕೂಗಿದರು. ಮಗಳು ಜಾಸ್ತಿ ಮಾಡಿದಳು. ಪಿಟೀಲು ಜಾಸ್ತಿಯಾಯಿತು. ಹಿಂದಕ್ಕೆ ಹೋಗು ಎಂದರು, ಹೋದಳು. ಮುಂದಕ್ಕೆ ಬಾ ಎಂದರು, ಬಂದಳು. ನಾಲ್ಕು ಸಲ ನೋಡಿದರೂ ತಾಯಿ ದೆವ್ವದ ಹಾಗೆ ನೆಲ ಮುಟ್ಟದೆ ಓಡಾಡಿದಳು. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ರಿಮೋಟನ್ನು ಮಂಚದ ಮೇಲೆ ಎಸೆದು, "ಯಾವ ಕಿವುಡು ಮುಂಡೇಗಂಡ ಇದನ್ನ ರಿಪೇರಿ ಮಾಡಿದ್ದು?" ಎಂದು ಕಿರುಚಿದರು.

ಡಿಸ್ಕಿನ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಹೆಮ್ಮೆಯಿಂದ ಬರೆದಿತ್ತು: ಹಳೆಯ ಮುದ್ರಣದ ಅನಗತ್ಯ ಸದ್ದುಗಳನ್ನು ತೆಗೆದು ಶುದ್ಧಗೊಳಿಸಲಾಗಿದೆ.

"ಅನಗತ್ಯವಂತೆ! ನೆಗಡಿ ಆಯ್ತು ಅಂತ ಮೂಗನ್ನೇ ಕೊಯ್ದಿದ್ದಾರೆ" ಎಂದರು ಮೇಷ್ಟ್ರು.

"ಹೋಗಲಿ ಬಿಡಿ, ಅದರಲ್ಲೇನಿದೆ" ಎಂದರು ಹೆಂಡತಿ, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸು ಎಂದು ಮಗಳಿಗೆ ಸನ್ನೆ ಮಾಡುತ್ತಾ. ಆ ಮಾತು ಮೇಷ್ಟ್ರಿಗೆ ಇನ್ನೂ ಚುಚ್ಚಿತು. ಇದ್ದ ಒಂದು ಸಾಕ್ಷಿಯನ್ನೂ ಒರೆಸಿಹಾಕಿದರು, ಇವಳೋ ಹೋಗಲಿ ಬಿಡಿ ಎನ್ನುತ್ತಾಳೆ.

ಅಲ್ಲಿಂದ ಮೂರು ವಾರ ಮೇಷ್ಟ್ರು ಫೋನು ಹಿಡಿದು ಕೂತರು. ಡಿಸ್ಕ್ ಮಾಡಿದ ಕಂಪನಿಗೆ ಫೋನು ಮಾಡಿದರೆ ಯಂತ್ರವೊಂದು ಒಂದು ಒತ್ತಿ, ಎರಡು ಒತ್ತಿ ಎನ್ನುತ್ತಿತ್ತು. ಒತ್ತಿದರೆ ಅಲ್ಲೂ ಸಂಗೀತ. ಮನುಷ್ಯರು ಸಿಕ್ಕರೆ, "ಡಿಸ್ಕ್ ಓಡ್ತಾ ಇಲ್ವಾ ಸರ್?" ಎಂದು ಕೇಳುತ್ತಿದ್ದರು. "ಡಿಸ್ಕ್ ಓಡುತ್ತಮ್ಮಾ, ಅದರಲ್ಲಿರೋ ಹೆಂಗಸು ನಡೀತಾ ಇಲ್ಲ!" ಎಂದು ಮೇಷ್ಟ್ರು ಕೂಗಿದರೆ ಆ ಕಡೆ ಫೋನು ಇಟ್ಟುಬಿಡುತ್ತಿದ್ದರು. ಎರಡು ಪತ್ರ ಬರೆದರು. ಒಂದಕ್ಕೆ, ತಮ್ಮ ಅಭಿಮಾನಕ್ಕೆ ಧನ್ಯವಾದ ಎಂಬ ಉತ್ತರ ಬಂತು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಕಂಪನಿಗೆ ಬೈಗುಳ, ಊಟದ ತಟ್ಟೆಯ ಮುಂದೆಯೂ ಅದೇ. ಯಾರೋ ಎಲ್ಲೋ ತಣ್ಣನೆಯ ಕೋಣೆಯಲ್ಲಿ ಕೂತು ಒಂದು ಗುಂಡಿ ಒತ್ತಿ ತನ್ನ ಹೆಂಡತಿಯ ಕಾಲನ್ನು ಎರಡನೆಯ ಸಲ ಕಿತ್ತುಕೊಂಡ ಎಂದೇ ಅವರಿಗೆ ಅನಿಸುತ್ತಿತ್ತು.

ನಾಲ್ಕನೆಯ ವಾರ, ಸದ್ದಿನ ರಿಪೇರಿ ಮಾಡಿದ ವಿಭಾಗದ ಹೆಂಗಸೊಬ್ಬಳು ತಾನಾಗಿಯೇ ಫೋನು ಮಾಡಿದಳು. ಮೇಷ್ಟ್ರ ಪತ್ರ ಅವಳ ಮೇಜಿಗೆ ಬಂದಿತ್ತಂತೆ. ಮೇಷ್ಟ್ರು ಇಪ್ಪತ್ತು ನಿಮಿಷ ಉಸಿರು ಬಿಡದೆ ಬೈದರು. ಅವಳು ಪೂರ್ತಿ ಕೇಳಿಸಿಕೊಂಡು, "ಸರ್, ನೀವು ಹೇಳೋದು ನಿಜ. ಪಿಟೀಲು ಹಾಕಿ ಅಂತ ಮೇಲಿನವರು ಹೇಳಿದ್ರು, ನನಗೂ ಇಷ್ಟ ಇರಲಿಲ್ಲ. ಅದಕ್ಕೇ ಹಳೇ ಸದ್ದನ್ನೂ ಅದೇ ಡಿಸ್ಕ್‌ನಲ್ಲಿ ಇಟ್ಟಿದ್ದೀನಿ. ಮೆನುನಲ್ಲಿ ಧ್ವನಿ ಅಂತ ಇದೆಯಲ್ಲ, ಅದರಲ್ಲಿ ಎರಡನೇದು ಒತ್ತಿ" ಎಂದಳು. ಮತ್ತೆ, "ಸ್ಟುಡಿಯೋದ ಮೂಲ ಟೇಪಿನಿಂದಲೇ ತೆಗೆದದ್ದು ಸರ್, ಏನೂ ಮುಟ್ಟಿಲ್ಲ. ಆ ಕಾಲದ ಥಿಯೇಟರಲ್ಲೂ ಇಷ್ಟು ಸ್ಪಷ್ಟವಾಗಿ ಯಾರೂ ಕೇಳಿರಲ್ಲ" ಎಂದು ಸೇರಿಸಿದಳು.

ಅಂದರೆ ಇಷ್ಟು ದಿನ ಹೆಜ್ಜೆ ಮನೆಯಲ್ಲೇ, ಆ ತಟ್ಟೆಯಲ್ಲೇ ಇತ್ತು! ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಮೇಷ್ಟ್ರು ಮಗಳು ಬರುವ ತನಕವೂ ಕಾಯಲಿಲ್ಲ. ಮಧ್ಯಾಹ್ನ ಮೂರು ಗಂಟೆ, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮೆನುವಿನಲ್ಲಿ ಆರು ಸಲ ದಾರಿ ತಪ್ಪಿ, ಒಮ್ಮೆ ಡಿಸ್ಕನ್ನೇ ಹೊರಗೆ ಕಕ್ಕಿಸಿ, ಕೊನೆಗೆ ಎರಡನೆಯ ಧ್ವನಿ ಒತ್ತಿದರು. ಹೆಂಡತಿಯ ಕುರ್ಚಿ ತಿರುಗಿಸಿದರು.

"ಮತ್ತೆ ಶುರುವಾಯ್ತಾ?" ಎಂದರು ಆಕೆ. "ಬೇಡ ರೀ. ನನಗೆ ತಲೆ ನೋಯುತ್ತೆ."

"ಒಂದೇ ಒಂದು ಸಲ. ನಿನ್ನ ಹೆಜ್ಜೆ ಕೇಳಿದ ಮೇಲೆ ಬೇಕಾದರೆ ತಲೆನೋವಿನ ಮಾತ್ರೆ ನಾನೇ ಕೊಡ್ತೀನಿ."

ತಾಯಿ ಮೊದಲ ಕೋಣೆಗೆ ಕಾಲಿಟ್ಟಳು. ಪಿಟೀಲಿಲ್ಲ. ಟೇಪಿನ ತೆಳ್ಳನೆಯ ಸುಯ್ಗುಟ್ಟುವಿಕೆ, ಅದರ ಮೇಲೆ ಬರಿಗಾಲು ಕಲ್ಲಿನ ಮೇಲೆ ಊರಿದ ಸದ್ದು. ಒಂದು. ಎರಡು. ಮೂರು. ಕೋಣೆಯಲ್ಲೇ ಯಾರೋ ನಡೆದಷ್ಟು ಹತ್ತಿರ. ಮೇಷ್ಟ್ರ ಮುಖ ಅರಳಿತು. ನಾಲ್ಕು. ಐದು. ಆರನೆಯ ಹೆಜ್ಜೆಗೆ ಅವರ ಹುಬ್ಬು ಗಂಟಾಯಿತು. ಹಿಮ್ಮಡಿ ಮೊದಲು ಬೀಳುತ್ತಿತ್ತು, ಆಮೇಲೆ ಅಂಗಾಲನ್ನು ಮೆಲ್ಲಗೆ, ತೀರಾ ಹುಷಾರಾಗಿ ಇಳಿಸಿದ ಹಾಗೆ. ಹನ್ನೊಂದನೆಯ ಹೆಜ್ಜೆಗೆ ತಾಯಿ ತಿರುಗಿದಳು. ತಿರುಗುವಾಗ ಮೊಣಕಾಲು ಟಕ್ಕೆಂದಿತು.

ಮೇಷ್ಟ್ರು ನಿಲ್ಲಿಸಿದರು. ಹಿಂದಕ್ಕೆ ಹೋದರು. ಮತ್ತೆ ಹನ್ನೊಂದು, ಮತ್ತೆ ಟಕ್. ಇಪ್ಪತ್ತೈದನೆಯ ವಯಸ್ಸಿನಿಂದ ಅವರ ಬಲಮೊಣಕಾಲು ತಿರುಗುವಾಗ ಮಾಡುವ ಸದ್ದು ಅದು. ಅದಕ್ಕಾಗಿ ಸ್ಟುಡಿಯೋದಲ್ಲಿ ಅವರು ಎಷ್ಟು ಬೈಗುಳ ತಿಂದಿರಲಿಲ್ಲ! ಮುಂದೆ ಕೇಳಬೇಕಾಗಿಯೇ ಇರಲಿಲ್ಲ. ಮೂವತ್ತೆಂಟು ವರ್ಷ ಊರವರ ಹೆಜ್ಜೆ ಗುರುತು ಹಿಡಿದ ಕಿವಿಗೆ ತನ್ನ ಹೆಜ್ಜೆ ಗೊತ್ತಾಗುವುದಿಲ್ಲವೇ? ದಪ್ಪ ಗಂಡಸೊಬ್ಬ ಹೆಂಗಸಿನ ಹಾಗೆ ನಡೆಯಲು ಹೆಣಗುತ್ತಿರುವ ಸದ್ದು ಅದು. ನಿರ್ದೇಶಕರು ಬೇಡವೆಂದ ಹೆಜ್ಜೆ.

ಆಗ ಮೇಷ್ಟ್ರಿಗೆ ಸ್ಟುಡಿಯೋ ಗೋಡೆಯ ಮೇಲಿನ ಎರಡು ಮೊಳೆ ನೆನಪಾದವು. ಒಪ್ಪಿಗೆಯಾದ ಟೇಪಿನ ಸುರುಳಿ ಬಲಗಡೆಯ ಮೊಳೆಗೆ, ಬೇಡವಾದದ್ದು ಎಡಗಡೆಗೆ. ಎಡಗಡೆಯದನ್ನು ಮರುದಿನ ಬೆಳಿಗ್ಗೆ ಅಳಿಸಿ ಮತ್ತೆ ಬಳಸುವುದು ಸ್ಟುಡಿಯೋದ ಪದ್ಧತಿ. ಟೇಪಿಗೆ ಆಗ ಬರಗಾಲ. ನೇತುಹಾಕುತ್ತಿದ್ದವರು ಬೇರೆ ಯಾರೂ ಅಲ್ಲ, ಮೇಷ್ಟ್ರೇ. ಆ ದಿನ ಮೂರನೆಯ ಸಲ ನಡೆದು ಮುಗಿಸಿದ ಹೆಂಡತಿಗೆ ತಲೆಸುತ್ತು ಬಂದಿತ್ತು. ಒಂದು ಕೈಯಲ್ಲಿ ಅವಳ ತೋಳು, ಇನ್ನೊಂದು ಕೈಯಲ್ಲಿ ಎರಡು ಸುರುಳಿ. ಗಡಿಬಿಡಿಯಲ್ಲಿ ಯಾವುದು ಯಾವ ಮೊಳೆಗೆಂದು ನೋಡದೆ ಸಿಕ್ಕಿಸಿ ಮನೆಗೆ ಓಡಿದ್ದರು. ಚಿತ್ರದ ಲೆಕ್ಕಕ್ಕೆ ಎರಡೂ ಇಪ್ಪತ್ಮೂರೇ ಹೆಜ್ಜೆ, ಒಂದೇ ಅಳತೆ. ನಿರ್ದೇಶಕರು ಬಿಡುಗಡೆಯ ಓಡಾಟದಲ್ಲಿದ್ದರು. ಫ್ಯಾನು, ಕೆಮ್ಮು, ಅಳುವಿನ ನಡುವೆ ಥಿಯೇಟರಿನಲ್ಲಿ ಯಾರಿಗೆ ಗೊತ್ತಾಗಬೇಕು!

ಮೂರು ವಾರ ಯಾರಿಗೆ ಶಾಪ ಹಾಕಿದರೋ ಆ ಕಿವುಡು ಮುಂಡೇಗಂಡ ತಾವೇ. ಮಾಡಿದ್ದುಣ್ಣೋ ಮಹರಾಯ ಎಂದು ಯಾರಿಗೆಲ್ಲ ಹೇಳಿರಲಿಲ್ಲ ಅವರು!

"ಗೊತ್ತಾಯ್ತಾ?" ಎಂದರು ಹೆಂಡತಿ.

"ಏನು?"

"ನಿಮ್ಮದು ಅಂತ."

ಮೇಷ್ಟ್ರು ಸರಕ್ಕನೆ ತಿರುಗಿದರು. "ನಿನಗೆ ಹೇಗೆ ಗೊತ್ತು?"

"ಮೊದಲ ದಿನ ಥಿಯೇಟರಲ್ಲೇ ಗೊತ್ತಾಯ್ತು. ಹೊಟ್ಟೆ ಹೊತ್ಕೊಂಡು ನಡೆದೋಳು ನಾನು. ನನಗೆ ಗೊತ್ತಾಗಲ್ವಾ?"

"ಮತ್ತೆ ಬಾಯಿ ಬಿಟ್ಟು ಹೇಳೋದಕ್ಕೆ ಏನಾಗಿತ್ತೇ ನಿನಗೆ? ನಲವತ್ತೊಂದು ವರ್ಷ!"

"ಹೇಳೋಣ ಅಂತಲೇ ತಿರುಗಿದೆ. ನೀವು ಕತ್ತಲಲ್ಲಿ ಮಗುವಿನ ಹಾಗೆ ಅಳ್ತಾ ಕೂತಿದ್ರಿ. ಮನೆಗೆ ಹೋಗಿ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಗೇಟಿನ ಹತ್ರವೇ ನಾಲ್ಕು ಜನಕ್ಕೆ ಹೇಳಿಬಿಟ್ರಿ. ಮರುದಿನ ಸ್ಟುಡಿಯೋದಲ್ಲಿ ಇಪ್ಪತ್ತು ಜನಕ್ಕೆ. ಆಮೇಲೆ ಹೇಳಿದ್ರೆ ನಿಮ್ಮ ಮರ್ಯಾದೆ ಏನಾಗಬೇಕು? ಅದಕ್ಕೇ ನೀವು ಕಥೆ ಶುರುಮಾಡಿದ್ರೆ ನಾನು ಎದ್ದು ಹೋಗ್ತಿದ್ದೆ. ಕೇಳೋಕಾಗ್ತಿರಲಿಲ್ಲ ನನಗೆ. ನಾನು ಪಟ್ಟ ಕಷ್ಟ ಎಲ್ಲೋ ಅಳಿಸಿಹೋಯ್ತು, ನೀವು ನನ್ನ ಹೆಸರು ಹೇಳ್ಕೊಂಡು ಕುಣಿದಾಡ್ತಿದ್ದೀರಿ." ಆಕೆ ಉಸಿರೆಳೆದುಕೊಂಡರು. "ಈಗ ಎದ್ದು ಹೋಗೋಕೂ ಆಗಲ್ಲ. ಕೂರಿಸಿ ಕೂರಿಸಿ ಕೇಳಿಸ್ತೀರಿ."

ಮೇಷ್ಟ್ರಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ಚಪ್ಪಲಿ ಕಿತ್ತೆಸೆದು ಎದ್ದುನಿಂತರು. "ಟೇಪು ಹೋದರೆ ಹೋಯ್ತು. ಊರವರದ್ದೆಲ್ಲ ನಡೆದು ತೋರಿಸ್ತೀನಿ, ಕಟ್ಕೊಂಡ ಹೆಂಡತೀದು ಬರಲ್ವಾ ನನಗೆ? ಕೇಳು" ಎಂದು ಕಲ್ಲುನೆಲದ ಮೇಲೆ ನಡೆದರು.

ನಾಲ್ಕು ಹೆಜ್ಜೆಗೇ ಅವರಿಗೆ ಗೊತ್ತಾಯಿತು, ಬರುತ್ತಿರುವುದು ಸಿನಿಮಾದ ಹೆಜ್ಜೆ. ಮತ್ತೆ ಶುರುಮಾಡಿದರು.

"ಅಲ್ಲ" ಎಂದರು ಹೆಂಡತಿ.

ಹಗುರವಾಗಿ ನಡೆದರು. "ಅಲ್ಲ." ಕಾಲೆಳೆದು ನಡೆದರು. "ಅದು ಮಾಲೀಕರ ತಾಯಿ." ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಹೊಸ್ತಿಲಿಗೆ, ಈ ಹೆಜ್ಜೆಯನ್ನು ದಿನಕ್ಕೆ ಸಾವಿರ ಸಲ ಕೇಳಿಲ್ಲವೇ? ಎಲ್ಲಿ ಹೋಯಿತು ಅದು? ನಲವತ್ತೊಂದು ವರ್ಷ ಕಥೆ ಹೇಳಿ ಹೇಳಿ, ನಿಜವಾದ ಹೆಜ್ಜೆ ಇದ್ದ ಜಾಗದಲ್ಲಿ ಆ ಸುಳ್ಳು ಹೆಜ್ಜೆಯೇ ಕೂತುಬಿಟ್ಟಿತ್ತು. ಮೇಷ್ಟ್ರು ಗೋಡೆಗೆ ಒರಗಿ, "ನನಗೆ ಬರ್ತಾ ಇಲ್ಲ ಕಣೇ" ಎಂದರು. ಅವರ ಕಣ್ಣಲ್ಲಿ ನೀರು ತುಂಬಿತ್ತು.

ಹೆಂಡತಿ ಬಲಗೈಯೆತ್ತಿ ಕುರ್ಚಿಯ ತೋಳಿನ ಮೇಲೆ ಅಂಗೈಯಿಂದ ಮೆತ್ತಗೆ ಬಡಿದರು. ಒಂದು ಸಲ. ಒಂದಿಷ್ಟು ಬಿಟ್ಟು ಇನ್ನೊಂದು ಸಲ.

"ಇದು ಬಲಗಾಲು" ಎಂದರು. "ಎಡಗೈ ಏಳಲ್ಲ. ಎಡಗಾಲು ನೀವೇ ಹಾಕಬೇಕು."

ಮೇಷ್ಟ್ರು ಕಣ್ಣೊರೆಸಿಕೊಂಡು ಕುರ್ಚಿಯ ಪಕ್ಕಕ್ಕೆ ಬಂದು ನಿಂತರು. ಆಕೆಯ ಅಂಗೈ ಬಿತ್ತು. ಮೇಷ್ಟ್ರು ಎಡಗಾಲು ಊರಿದರು.

"ಬೇಗ ಆಯ್ತು."

ಮತ್ತೆ ಅಂಗೈ. ಮತ್ತೆ ಕಾಲು.

"ಈಗ ತಡ ಆಯ್ತು. ಇಷ್ಟು ವರ್ಷ ಸ್ಟುಡಿಯೋದಲ್ಲಿ ಏನು ಕತ್ತೆ ಕಾಯ್ತಿದ್ರಾ?"

ಮತ್ತೆ ಅಂಗೈ ಬಿತ್ತು. ಮೇಷ್ಟ್ರು ಉಸಿರು ಬಿಗಿಹಿಡಿದು ಕಾಲು ಊರಿದರು.

"ಅಷ್ಟು ಅವಸರ ಯಾಕ್ರೀ?" ಎಂದು ಹೆಂಡತಿ ಗದರಿದರು. "ಹೊಟ್ಟೇಲಿ ಮಗು ಇದೆ."

ಮೇಷ್ಟ್ರು ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಆಕೆಯ ಕೈ ಏಳುವುದನ್ನೇ ನೋಡುತ್ತಾ ನಿಂತರು.